ಹನ್ನೊಂದನೇ ಕೊಳವೆ

"ಯಾರಿಗೂ ಹೇಳಲ್ಲ ತಾನೇ?" ಅಂತ ಅಪ್ಪ ಕೇಳಿದಾಗ ಅವಳಿಗೆ ಒಂಬತ್ತು ವರ್ಷ.

"ಯಾರಿಗೂ ಹೇಳಲ್ಲ."

"ಅಮ್ಮನಿಗೂ?"

"ಅಮ್ಮನಿಗೂ."

ಅಷ್ಟು ಸಾಲದು ಅಂತ ಅಪ್ಪನ ಬೂದಿ ಮೆತ್ತಿದ ಅಂಗೈಗೆ ತನ್ನ ಅಂಗೈ ಬಡಿದು ಮಾತು ಕೊಟ್ಟಳು. ಅಪ್ಪ ನಕ್ಕರು. ನಕ್ಕರು ಅನ್ನುವುದಕ್ಕಿಂತ, ನಗುವುದಕ್ಕೆ ಹೋಗಿ ಅರ್ಧದಲ್ಲಿ ನಿಲ್ಲಿಸಿದರು.

ಅಪ್ಪ ಕಲ್ಲಿದ್ದಲ ವಿದ್ಯುತ್ ಸ್ಥಾವರದಲ್ಲಿ ಅಳತೆಗಾರರು. ಅಲ್ಲಿ ಉರಿದು ಉಳಿದ ಬೂದಿಯನ್ನೆಲ್ಲ ನೀರಲ್ಲಿ ಕಲಸಿ ಒಂದು ದೊಡ್ಡ ಕೆರೆಗೆ ಬಿಡುತ್ತಿದ್ದರು. ಆ ಬೂದಿ ಕೆರೆ ಒಡೆದು ಕೆಳಗಿನ ಬೀದಿಗಳ ಮೇಲೆ ಬೀಳದ ಹಾಗೆ ಸುತ್ತ ಮಣ್ಣಿನ ಒಡ್ಡು. ಒಡ್ಡಿನ ಮೈಯಲ್ಲಿ ಅಲ್ಲೊಂದು ಇಲ್ಲೊಂದು, ಒಟ್ಟು ಹನ್ನೆರಡು ಕಬ್ಬಿಣದ ಕೊಳವೆ ಇಳಿಸಿದ್ದರು. ಎರಡು ಬೆರಳು ಹೋಗುವಷ್ಟೇ ಬಾಯಿ, ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಪ್ರತಿ ಶನಿವಾರ ಅಪ್ಪ ಸೈಕಲ್ಲಿನಲ್ಲಿ ಹೋಗಿ ಒಂದೊಂದೇ ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಒಳಗೆ ಬಿಡುತ್ತಿದ್ದರು. ಗುಂಡಿನ ಅಡಿ ಬಟ್ಟಲಿನ ಹಾಗೆ ತೋಡಿರುತ್ತಿತ್ತು. ನೀರು ಮುಟ್ಟಿದ ಕೂಡಲೇ ಗುಳುಕ್ ಅನ್ನುತ್ತಿತ್ತು. ಆಗ ಟೇಪು ಹಿಡಿದು ಅಂಕಿ ನೋಡಿ ಪುಸ್ತಕದಲ್ಲಿ ಬರೆಯುವುದು. ನೀರು ಎಷ್ಟು ಆಳದಲ್ಲಿದ್ದರೆ ಒಡ್ಡು ಅಷ್ಟು ಗಟ್ಟಿ. ಮೇಲೆ ಮೇಲೆ ಬಂದರೆ ಒಡ್ಡು ಒಳಗೊಳಗೇ ನೆನೆಯುತ್ತಿದೆ ಅಂತ ಅರ್ಥ. ಸ್ಥಾವರದವರೆಲ್ಲ ಅಪ್ಪನನ್ನು ಗುಳುಕ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ಅಮ್ಮನಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಶನಿವಾರವೂ ಪಾಳಿ. ಮಗಳನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ. ಒಡ್ಡಿನ ಮೇಲೆ ಮನೆಮಂದಿಯನ್ನು ಕರೆದುಕೊಂಡು ಬರಕೂಡದು ಅಂತ ಅಪ್ಪನಿಗೆ ಒಂದು ಸಲ ಬರವಣಿಗೆಯಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಆದರೂ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಆ ಗುಳುಕ್ ಅಂದರೆ ಪ್ರಾಣ.

ಆ ಶನಿವಾರ ಹನ್ನೊಂದನೇ ಕೊಳವೆಯ ಮುಚ್ಚಳ ತೆಗೆದಿದ್ದರಷ್ಟೇ, ಕೆಳಗಿನಿಂದ ಮೇಸ್ತ್ರಿ ಕೂಗಿದರು. "ಇಲ್ಲೇ ಕೂತಿರು ಮರಿ, ಬಂದೆ" ಅಂತ ಅಪ್ಪ ಇಳಿದು ಹೋದರು. ಮಾತು ಮುಗಿಸಿ ಬರುವಷ್ಟರಲ್ಲಿ ಅವಳು ಸುತ್ತಮುತ್ತಲ ಕಲ್ಲನ್ನೆಲ್ಲ ಒಂದೊಂದಾಗಿ ಕೊಳವೆಗೆ ಹಾಕಿ ಗುಳುಕ್ ಕೇಳಿಸಿಕೊಂಡಾಗಿತ್ತು. ಕೊನೆಯ ಎರಡು ಕಲ್ಲಿಗೆ ಸದ್ದೇ ಬರಲಿಲ್ಲ. ಅಪ್ಪ ಟೇಪು ಬಿಟ್ಟರು. ಗುಂಡು ಎರಡು ಮೀಟರಿಗೇ ಟಕ್ ಅಂತ ನಿಂತಿತು. ಎತ್ತಿ ಬಿಟ್ಟರು, ಮತ್ತೆ ಟಕ್. ಮಗಳ ಕಡೆ ನೋಡಿದರು. ಅವಳ ಮುಖ ಸಣ್ಣದಾಗಿದ್ದನ್ನು ಕಂಡು ಬೈಯುವ ಮಾತನ್ನು ನುಂಗಿಕೊಂಡರು.

ಕೊಳವೆ ಕಟ್ಟಿಕೊಂಡಿದೆ ಅಂತ ಹೇಳಿದರೆ ಹೇಗೆ ಅಂತ ಕೇಳುತ್ತಾರೆ. ಹೇಗೆ ಅಂತ ಹೇಳಿದರೆ ಕೆಲಸ ಹೋಗುತ್ತದೆ. ಅಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಾಳೆ ತಿರುವಿದರು. ಹೋದ ವಾರ ನಾಲ್ಕು ಮೀಟರ್ ಇಪ್ಪತ್ತೈದು ಇತ್ತು.

"ಒಂದು ಅಂಕಿ ಹೇಳು ಮರಿ. ಇಪ್ಪತ್ತು ಮೂವತ್ತರ ಮಧ್ಯೆ."

"ಇಪ್ಪತ್ತೇಳು."

ನಾಲ್ಕು ಮೀಟರ್ ಇಪ್ಪತ್ತೇಳು ಅಂತ ಬರೆದರು. ಆಮೇಲೆ ಆ ಮಾತು ತೆಗೆದುಕೊಂಡರು, ಯಾರಿಗೂ ಹೇಳಲ್ಲ ತಾನೇ ಅಂತ.

ಬೇಸಿಗೆ ಬರಲಿ, ಯಾರಿಗೂ ಗೊತ್ತಾಗದ ಹಾಗೆ ಸರಳು ಹಾಕಿ ಚುಚ್ಚಿ ತೆಗೆಯೋಣ ಅಂದಿದ್ದರು. ಬೇಸಿಗೆ ಬಂತು. ಕಲ್ಲಿನ ಸಂದಿಗೆ ಬೂದಿ ಇಳಿದು ಗಾರೆಯ ಹಾಗೆ ಕಚ್ಚಿಕೊಂಡಿತ್ತು, ಸರಳು ಬಾಗಿತೇ ಹೊರತು ಕಲ್ಲು ಅಲ್ಲಾಡಲಿಲ್ಲ. ಮುಂದಿನ ವಾರ ಹೇಳಿಬಿಡ್ತೀನಿ ಅಂದರು. ಆ ಮುಂದಿನ ವಾರ ಬರಲೇ ಇಲ್ಲ. ಶನಿವಾರ ಶನಿವಾರ ಅವಳು ಅಂಕಿ ಹೇಳಿದಳು, ಅಪ್ಪ ಬರೆದರು. ದೊಡ್ಡವಳಾಗಿ ಅವಳು ಹೋಗುವುದು ನಿಂತ ಮೇಲೆ ಅಪ್ಪನೇ ಮನಸ್ಸಿಗೆ ತೋಚಿದ್ದು ಬರೆದುಕೊಂಡರು. ಹೀಗೆ ಹದಿಮೂರು ವರ್ಷ. ಆಮೇಲೆ ಅಪ್ಪ ನಿವೃತ್ತರಾದರು, ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ, ಮರುವರ್ಷವೇ ಸ್ಥಾವರ ಮುಚ್ಚಿತು. ಆ ಸಂಗತಿಯೂ ಅದರ ಜೊತೆಗೇ ಮುಚ್ಚಿಹೋಯಿತು ಅಂತ ಅವಳು ಅಂದುಕೊಂಡಳು. ಆಸ್ಪತ್ರೆಯಲ್ಲಿ ಕೊನೆಯ ವಾರ, ಅಮ್ಮ ಔಷಧಿ ತರಲು ಹೋಗಿದ್ದಾಗ, ಅಪ್ಪ ಒಂದೇ ಒಂದು ಸಲ ಕೇಳಿದ್ದರು.

"ಹೇಳಿಲ್ಲ ತಾನೇ?"

"ಇಲ್ಲಪ್ಪ."

ಅದಾಗಿ ಮೂರು ವರ್ಷ.

ಈಗ ಅವಳು ಆ ಪ್ರದೇಶದ ಪರಿಸರ ಮತ್ತು ಇಂಧನ ಮಂಡಳಿಯಲ್ಲಿ ಕೆಲಸಕ್ಕಿದ್ದಳು. ಮಂಡಳಿ ಏನು ಮಾಡಬೇಕಾದರೂ ಮೊದಲು ಜನರ ಮುಂದಿಡಬೇಕು. ಸಭಾಂಗಣಕ್ಕೆ ಯಾರೂ ಬರುವುದಿಲ್ಲ ಅಂತ ಈಗ ಎಲ್ಲವೂ ವೆಬಿನಾರ್. ಜನರನ್ನು ಒಳಗೆ ಬಿಡುವುದು, ಸದ್ದು ಮಾಡುವವರ ಮೈಕು ಮುಚ್ಚುವುದು, ಕೈ ಎತ್ತಿದವರನ್ನು ಸರದಿಯಲ್ಲಿ ಕರೆಯುವುದು, ಮೂರು ನಿಮಿಷವಾದ ಕೂಡಲೇ ನಯವಾಗಿ ಬಾಯಿ ಮುಚ್ಚಿಸುವುದು ಅವಳ ಪಾಲಿನ ಕೆಲಸ. ಕಚೇರಿಯಲ್ಲಿ ಅವಳಿಗೆ ಮ್ಯೂಟಮ್ಮ ಅಂತಲೇ ಹೆಸರು. "ಮನೇಲೂ ಹೀಗೆ ಒಂದು ಬಟನ್ ಇದ್ರೆ ಎಷ್ಟು ಚೆನ್ನಾಗಿತ್ತು ಮ್ಯೂಟಮ್ಮ" ಅಂತ ಪಕ್ಕದ ಮೇಜಿನ ಗುಮಾಸ್ತರು ದಿನಕ್ಕೊಂದು ಸಲ ಅನ್ನದೆ ಬಿಡುತ್ತಿರಲಿಲ್ಲ. ಅವಳ ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಒಂಬತ್ತು ತುಂಬಿದ ಮಗಳು. ಗಂಡ ದೂರದ ಬಂದರಿನಲ್ಲಿ ಕೆಲಸಕ್ಕಿದ್ದ, ವರ್ಷಕ್ಕೆರಡು ಸಲ ಬರುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದರೆ ಅವಳಿಗೆ ಬೆನ್ನು ಚಾಚುವುದಕ್ಕೆ ಆಗುತ್ತಿದ್ದುದು ಬಸ್ಸಿನಲ್ಲಿ ಮಾತ್ರ, ಅದೂ ಸೀಟು ಸಿಕ್ಕರೆ.

ಆ ತಿಂಗಳ ವೆಬಿನಾರಿನ ವಿಷಯ ಹಳೆಯ ಬೂದಿ ಕೆರೆ. ಒಣಗಿದ ಬೂದಿಯ ಮೇಲೆ ಉದ್ದಕ್ಕೂ ಸೋಲಾರ್ ಫಲಕ ಹಾಸುವುದು, ಹಗಲಿನ ಕರೆಂಟು ಕೂಡಿಡಲು ಪಡುವಣ ಒಡ್ಡಿನ ಮೇಲೆ ಬ್ಯಾಟರಿ ಕಟ್ಟಡ ಕಟ್ಟುವುದು. ವಿವರಿಸುವವರು ಹೊರಗಿನಿಂದ ಬಂದ ಮಣ್ಣಿನ ಇಂಜಿನಿಯರು, ಅವಳಿಗಿಂತ ಚಿಕ್ಕವರು. ಯಾರ ಮೇಲೂ ದನಿ ಎತ್ತದ ಹುಡುಗಿ. ಆ ದಿನ ಬೆಳಿಗ್ಗೆ ತೋರಿಸಬೇಕಾದ ಪುಟಗಳನ್ನು ಕಳಿಸಿದರು. ಅವಳು ಸುಮ್ಮನೆ ತಿರುವುತ್ತ ಹೋದಳು. ಹದಿನಾಲ್ಕನೇ ಪುಟಕ್ಕೆ ಬಂದಾಗ ಕೈ ನಿಂತಿತು.

ಅಪ್ಪನ ಅಕ್ಷರ. ಅಳತೆ ಪುಸ್ತಕದ ಒಂದು ಹಾಳೆಯನ್ನು ಹಾಗೇ ಚಿತ್ರ ತೆಗೆದು ಹಾಕಿದ್ದರು. ಅದೇ ದುಂಡು ಅಂಕಿ, ಏಳಕ್ಕೆ ಹೊಟ್ಟೆಯಲ್ಲೊಂದು ಅಡ್ಡಗೆರೆ. ಅವಳ ಕಣ್ಣು ತುಂಬಿ ಬಂತು. ಹಿಂದೆಮುಂದೆ ನೋಡದೆ ಮನೆಗೆ ಫೋನು ಮಾಡಿದಳು.

"ಅಮ್ಮಾ, ಇವತ್ತು ಸಂಜೆ ಅಪ್ಪನ ಬರವಣಿಗೆ ತೋರಿಸ್ತಾರಂತೆ. ಐದು ಗಂಟೆಗೆ. ಮಗಳಿಗೆ ಹೇಳು, ಫೋನಲ್ಲಿ ಹಾಕಿಕೊಡ್ತಾಳೆ."

"ಯಾರ ಬರವಣಿಗೆ, ನಿಮ್ಮಪ್ಪಂದಾ? ಎಲ್ಲರಿಗೂ ತೋರಿಸ್ತಾರಾ?"

"ಎಲ್ಲರಿಗೂ."

"ನೋಡಿದೆಯಾ. ಗುಳುಕ್ ಗುಳುಕ್ ಅಂತ ಆಡಿಕೊಳ್ತಿದ್ರು ಎಲ್ಲ. ಪಕ್ಕದ ಮನೆಯವಳನ್ನೂ ಕರೀತೀನಿ ಇರು, ಅವಳ ಯಜಮಾನರೇ ಜಾಸ್ತಿ ಆಡಿಕೊಳ್ತಿದ್ದದ್ದು."

ಫೋನಿಟ್ಟು, ಕಣ್ಣೊರೆಸಿಕೊಂಡು, ಅವಳು ಹದಿನೈದನೇ ಪುಟ ತೆಗೆದಳು. ಹನ್ನೆರಡು ಕೊಳವೆಗೆ ಹನ್ನೆರಡು ಬಣ್ಣದ ಗೆರೆ. ಹನ್ನೊಂದು ಗೆರೆ ಮಳೆಗೆ ಏರಿ ಬೇಸಿಗೆಗೆ ಇಳಿದು ಹಾವಿನ ಹಾಗೆ ಹರಿದಿದ್ದವು. ಒಂದು ಮಾತ್ರ ಹದಿಮೂರು ವರ್ಷ ನೆಟ್ಟಗೆ, ಸಣ್ಣಗೆ ನಡುಗುತ್ತ ಹೋಗಿತ್ತು. ಅದರ ಕೆಳಗೆ ಇಂಜಿನಿಯರು ಬರೆದಿದ್ದರು: ಕೊಳವೆ ಹನ್ನೊಂದು, ಅತ್ಯಂತ ಸ್ಥಿರ. ಬ್ಯಾಟರಿ ಕಟ್ಟಡಕ್ಕೆ ಸೂಕ್ತ ಜಾಗ.

ಅವಳು ಗೆರೆಯನ್ನು ದೊಡ್ಡದು ಮಾಡಿ ನೋಡಿದಳು. ಆ ನಡುಗುವ ಗೆರೆ ಇಪ್ಪತ್ತೇಳು, ಇಪ್ಪತ್ತೆರಡು, ಇಪ್ಪತ್ತೊಂಬತ್ತು ಅಂತ ಅವಳೇ ಹೇಳಿದ್ದು. ಸೈಕಲ್ಲಿನ ಪಕ್ಕ ಕಾಲು ಚಾಚಿ ಕೂತು, ಬುತ್ತಿ ಡಬ್ಬಿ ತೆಗೆಯುತ್ತ, ಆಟಕ್ಕೆ ಹೇಳಿದ ಹಾಗೆ ಹೇಳಿದ್ದು.

ಮಧ್ಯಾಹ್ನ ಅಮ್ಮನಿಗೆ ಫೋನು ಮಾಡಿ ಬೇಡ ಅನ್ನೋಣ ಅಂದುಕೊಂಡಳು, ಯಾಕೆ ಅಂದರೆ ಏನು ಹೇಳುವುದು? ಇಂಜಿನಿಯರನ್ನು ಕೇಳಿದಳು, ಅದೂ ಸುತ್ತಿ ಬಳಸಿ, "ಮೇಡಂ, ಇವೆಲ್ಲ ಹಳೇ ಅಂಕಿ ಅಲ್ವಾ, ಹೊಸದಾಗಿ ಕೊರೆದು ನೋಡಿರ್ತೀರಿ ಅಲ್ವಾ?"

"ನೋಡಿದ್ವಿ, ಅನುಮಾನ ಇದ್ದ ಎರಡು ಮೂರು ಕಡೆ" ಅಂದರು ಅವರು. "ಹನ್ನೊಂದರ ಹತ್ರ ಬೇಡ ಅನ್ನಿಸ್ತು. ಅಷ್ಟು ವರ್ಷ ಅಲುಗಾಡದ ಜಾಗ. ಯಾರೋ ಪುಣ್ಯಾತ್ಮರು ಎಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ ನೋಡಿ, ಒಂದು ವಾರವೂ ತಪ್ಪಿಸಿಲ್ಲ."

ಐದು ಗಂಟೆಗೆ ಎಂದಿನ ಹಾಗೆ ಅವಳೇ ನಿಯಮ ಓದಿದಳು. "ಮಾತಾಡೋರು ಮೊದಲು ತಾವು ಯಾರು ಅಂತ ಹೇಳಬೇಕು, ವಿಷಯ ತಮಗೆ ಹೇಗೆ ಗೊತ್ತು ಅಂತ ಹೇಳಬೇಕು, ಆಮೇಲೆ ವಿಷಯಕ್ಕೆ ಬರಬೇಕು. ಆರೂವರೆಗೆ ದಾಖಲೆ ಮುಚ್ಚುತ್ತೆ. ಆಮೇಲೆ ಹೇಳಿದ ಮಾತು ತೀರ್ಮಾನಕ್ಕೆ ಬರಲ್ಲ." ಇನ್ನೂರ ಹದಿನಾರು ಜನ ಬಂದಿದ್ದರು. ಬಹಳ ಜನ ಕ್ಯಾಮೆರಾ ಮುಚ್ಚಿ ಮುಖ ಮರೆಸಿಕೊಂಡಿದ್ದರು. ಮುಖ ತೆರೆದ ನಾಲ್ಕಾರು ಚೌಕಗಳಲ್ಲಿ ಒಂದರ ಕೆಳಗೆ 'ಅಜ್ಜಿ ಫೋನ್' ಅಂತಿತ್ತು. ಅಮ್ಮ ತಲೆ ಬಾಚಿಕೊಂಡು ನೆಟ್ಟಗೆ ಕೂತಿದ್ದರು. ಒಂದು ಪಕ್ಕ ಪಕ್ಕದ ಮನೆಯಾಕೆ, ಇನ್ನೊಂದು ಪಕ್ಕ ಮೊಮ್ಮಗಳ ಅರ್ಧ ಮುಖ.

ಹದಿನಾಲ್ಕನೇ ಪುಟ ಬಂದಾಗ ಆ ಚೌಕದಲ್ಲಿ ಅಮ್ಮ ಫೋನನ್ನು ಹತ್ತಿರ ತಂದುಕೊಂಡರು. ಪರದೆಯ ತುಂಬ ಅಮ್ಮನ ಹಣೆ, ಕನ್ನಡಕ. ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ, ಬರದ ಹಾಗೆ ಮುಚ್ಚಿದ್ದವಳು ಇವಳೇ. ಆದರೂ ಏನಂದರು ಅಂತ ಗೊತ್ತಾಯಿತು. ನಮ್ಮೋರದು, ನಮ್ಮೋರದು ಅನ್ನುತ್ತಿದ್ದರು.

ಆರು ಗಂಟೆಗೆ ಪ್ರಶ್ನೆಗಳು. ಸೋಲಾರಿಂದ ನಮ್ಮ ಬೀದಿಗೆ ಕರೆಂಟು ಬರುತ್ತಾ ಅಂತ ಒಬ್ಬರು, ಬೂದಿ ಹಾರೋದು ನಿಲ್ಲುತ್ತಾ ಅಂತ ಒಬ್ಬರು. ಆಮೇಲೆ ಒಬ್ಬಾಕೆ. ಹಿಂದೆ ಹೊಲಿಗೆ ಯಂತ್ರ, ಕುತ್ತಿಗೆಗೆ ಅಳತೆ ಪಟ್ಟಿ.

"ನಾನು ಟೈಲರು. ಪಡುವಣ ಒಡ್ಡಿನ ಬುಡದಲ್ಲೇ ನಮ್ಮನೆ. ಹೇಗೆ ಗೊತ್ತು ಅಂದ್ರೆ, ನನ್ನ ಮನೆ ಗೋಡೆ ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಹಿಂದಿನ ಗೋಡೆ ಮೂರು ವರ್ಷದಿಂದ ಒಣಗೇ ಇಲ್ಲ ಮೇಡಂ. ಬೆರಳಿಟ್ರೆ ಬೂದಿ ಬಣ್ಣದ ನೀರು. ಈಗ ಅದರ ನೆತ್ತಿ ಮೇಲೆ ಕಟ್ಟಡ ಕಟ್ತೀವಿ ಅಂತೀರಿ. ಈ ನೀರು ಎಲ್ಲಿಂದ ಬರ್ತಿದೆ ಅಂತ ಯಾರಾದ್ರೂ ಹೇಳಿ."

ಇಂಜಿನಿಯರು ಮೆತ್ತಗೆ ಹೇಳಿದರು, "ಹನ್ನೊಂದನೇ ಕೊಳವೆ ನಿಮ್ಮ ಮನೆಗೆ ಸರಿಯಾಗಿ ಮೇಲಿದೆ ಅಮ್ಮ. ಅಲ್ಲಿ ಹದಿಮೂರು ವರ್ಷ ನೀರು ಏರಿಲ್ಲ. ಹೊಸ ಬೂದಿ ನೀರೂ ಈಗ ಬೀಳ್ತಿಲ್ಲ. ಬಹುಶಃ ನಿಮ್ಮ ಬೀದಿ ಚರಂಡಿ ಸೋರ್ತಿರಬಹುದು."

"ನಮ್ಮ ಬೀದಿಗೆ ಚರಂಡಿನೇ ಇಲ್ವಲ್ಲ ಮೇಡಂ. ಇಲ್ಲದ್ದು ಹೇಗೆ ಸೋರುತ್ತೆ?"

ಪರದೆಯ ಪಕ್ಕದ ಚಾಟ್ ಸಾಲಿನಲ್ಲಿ ಜನ ನಗುವ ಮುಖದ ಚಿತ್ರಗಳನ್ನು ಸುರಿದರು. ಟೈಲರಮ್ಮ ನಗಲಿಲ್ಲ. "ರಾತ್ರಿ ಮಕ್ಕಳನ್ನ ಮುಂದಿನ ಕೋಣೇಲಿ ಮಲಗಿಸ್ತೀನಿ. ಅಷ್ಟೇ ನನ್ನ ಕೈಲಾಗೋದು" ಅಂದಳು. ಮೂರು ನಿಮಿಷ ಆಗಿತ್ತು. ಇವಳು ಮೈಕು ಮುಚ್ಚಿದಳು.

ಸಭೆ ನಡೆಸುತ್ತಿದ್ದ ಸಂಯೋಜಕರಿಗೆ ಗುಟ್ಟಾಗಿ ಒಂದು ಸಾಲು ಕಳಿಸಿದಳು. 'ಸರ್, ಹನ್ನೊಂದರ ಅಂಕಿ ನಂಬೋ ಹಾಗಿಲ್ಲ.'

'ಯಾರು ಹೇಳಿದ್ದು?'

'ಗೊತ್ತಿರೋರು.'

'ಯಾರು ಅಂತ ಇಲ್ಲದ ಮಾತು ದಾಖಲೆಗೆ ಬರಲ್ಲ. ನಿಯಮ ಓದೋರು ನೀವೇ ಅಲ್ವಾ? ಇನ್ನು ನಾಲ್ಕು ನಿಮಿಷ ಇದೆ, ಮುಗಿಸಿ.'

ಅವಳು ಅಮ್ಮನ ಚೌಕ ನೋಡಿದಳು. ಅಮ್ಮ ಪಕ್ಕದ ಮನೆಯಾಕೆಗೆ ಏನೋ ಹೇಳುತ್ತಿದ್ದರು, ಕೈಯಲ್ಲಿ ಟೇಪು ಇಳಿಬಿಡುವ ಹಾಗೆ ಅಭಿನಯಿಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಅಮ್ಮನ ಫೋನನ್ನು ಸಭೆಯಿಂದ ಹೊರಗೆ ಹಾಕುವುದಕ್ಕೆ ಅವಳಿಗೆ ಒಂದು ಬೆರಳು ಸಾಕಿತ್ತು. ಬಾಣದ ಗುರುತನ್ನು ಅಲ್ಲಿಯವರೆಗೂ ಒಯ್ದಳು. ಒತ್ತಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಅಮ್ಮನನ್ನು ಹೊರಗೇ ಇಟ್ಟದ್ದಾಗಿತ್ತು.

ಬದಲಿಗೆ ತನ್ನ ಮೈಕು ತೆರೆದಳು.

"ನಾನು," ಅಂದಳು. "ನಾನು ಹದಿನಾಲ್ಕನೇ ಪುಟದಲ್ಲಿ ನೀವು ನೋಡಿದ ಅಂಕಿ ಬರೆದವರ ಮಗಳು. ನನಗೆ ಹೇಗೆ ಗೊತ್ತು ಅಂದ್ರೆ, ನಾನು ಅಲ್ಲೇ ಇದ್ದೆ. ಹನ್ನೊಂದನೇ ಕೊಳವೆಗೆ ಕಲ್ಲು ಹಾಕಿ ಮುಚ್ಚಿದ್ದು ನಾನು. ಆಗ ನನಗೆ ಒಂಬತ್ತು ವರ್ಷ. ಅವತ್ತಿಂದ ಅಲ್ಲಿ ಯಾರೂ ನೀರು ಅಳೆದಿಲ್ಲ. ಆ ಅಂಕಿ ಎಲ್ಲ ಬಾಯಿಗೆ ಬಂದದ್ದು. ಮೊದಮೊದಲು ನಾನು ಹೇಳ್ತಿದ್ದೆ, ಅವರು ಬರೀತಿದ್ರು. ಆಮೇಲೆ ಅವರೇ ಬರೆದ್ರು. ಟೈಲರ್ ಅಕ್ಕನ ಗೋಡೆಗೆ ನೀರು ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಿಲ್ಲ. ಆದರೆ ಹನ್ನೊಂದು ಒಣಗಿದೆ ಅಂತ ಹೇಳೋಕೆ ಯಾರಿಗೂ ಆಧಾರ ಇಲ್ಲ."

ಇಂಜಿನಿಯರು ತಮ್ಮ ಗೆರೆಯನ್ನೇ ನೋಡುತ್ತ ಕೂತರು. "ಕೊರೆದು ನೋಡಬೇಕು" ಅಂದರು ಕೊನೆಗೆ, ತಮಗೆ ತಾವೇ ಅಂದುಕೊಂಡ ಹಾಗೆ. ಸಂಯೋಜಕರು ಕೆಮ್ಮಿದರು. 'ಅಜ್ಜಿ ಫೋನ್' ಚೌಕದಲ್ಲಿ ಅಮ್ಮ ಎದ್ದು ಹೋದರು. ಖಾಲಿ ಕುರ್ಚಿ ಉಳಿಯಿತು. ಪಕ್ಕದ ಮನೆಯಾಕೆ ಎತ್ತ ನೋಡಬೇಕೋ ತಿಳಿಯದೆ ಕೈ ಮಡಚಿಕೊಂಡು ಕೂತಿದ್ದರು.

ಮನೆಗೆ ಬಂದಾಗ ಬಾಗಿಲು ತೆಗೆದದ್ದು ಮಗಳು. "ಅಜ್ಜಿ ಕಾಫಿ ಕುಡಿದಿಲ್ಲ. ಮಾತೂ ಆಡ್ತಿಲ್ಲ" ಅಂತ ಪಿಸುಗುಟ್ಟಿ ಒಳಗೆ ಓಡಿದಳು.

ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕಲ್ಲು ಹಾಕಿದ್ದು ನೀನಾ?"

"ಹೂಂ."

"ಸುಳ್ಳು ಬರೆದದ್ದು ಅವರಾ?"

"ನನಗೋಸ್ಕರ ಅಮ್ಮ. ಕೆಲಸ ಹೋಗುತ್ತೆ ಅಂತ ಹೆದರಿ…"

"ಯಾಕೆ ಅಂತ ನಾನು ಕೇಳಿದೆನಾ?" ಒಂದು ಕಾಯಿ ಬಿಡಿಸಿದರು. ಇನ್ನೊಂದು. "ಪ್ರತಿ ಶನಿವಾರ ಇಬ್ಬರಿಗೂ ಬುತ್ತಿ ಕಟ್ಟಿ ಕಳಿಸ್ತಿದ್ದೆ. ಸಂಜೆ ಬಂದು ಇಬ್ಬರೂ ಅದೂ ಇದೂ ಹೇಳಿ ನಗ್ತಿದ್ರಿ. ನಾನೂ ನಗ್ತಿದ್ದೆ, ಹುಚ್ಚಿ ಹಾಗೆ. ನಿಮ್ಮಿಬ್ಬರದೇ ಒಂದು ಮನೆ ಇತ್ತು ಅನ್ನು. ನಾನು ಅದರ ಹೊರಗಿದ್ದೆ."

"ಹಾಗಲ್ಲ ಅಮ್ಮ."

"ಸಾಯೋವಾಗಲಾದ್ರೂ ಹೇಳಬಹುದಿತ್ತು ಆ ಮನುಷ್ಯ. ನಾನೇನು ಪೊಲೀಸಾ?" ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಅಂದರು, "ನೀನು ಹೇಳಿದ್ದು ತಪ್ಪು ಅಂತ ನಾನು ಅನ್ನಲ್ಲ. ಆ ಟೈಲರ್ ಹೆಂಗಸಿಗೂ ಮಕ್ಕಳಿದ್ದಾರೆ. ಆದ್ರೆ ನಾನು ಒಬ್ಬಳೇ ಇದ್ದಾಗ ಮೊದಲು ಹೇಳಬಹುದಿತ್ತು ಕಣೇ. ನೀನೇ ಕರೆದು ಕೂರಿಸಿದೆಯಲ್ಲ, ನೋಡು ಬಾ ಅಂತ."

ಅವಳು ಪಕ್ಕದಲ್ಲಿ ನೆಲದ ಮೇಲೆ ಕೂತು ತಾನೂ ಕಾಯಿ ಬಿಡಿಸಲು ಕೈ ಹಾಕಿದಳು. ಅಮ್ಮ ಬುಟ್ಟಿಯನ್ನು ಅವಳ ಕಡೆ ಸರಿಸಲೂ ಇಲ್ಲ, ದೂರ ಎಳೆದುಕೊಳ್ಳಲೂ ಇಲ್ಲ.

ಮೂರು ವಾರ ಬಿಟ್ಟು, ಹನ್ನೊಂದನೇ ಕೊಳವೆಯಿಂದ ಒಂದು ಮೊಳ ದೂರದಲ್ಲಿ ಹೊಸದಾಗಿ ಕೊರೆದರು. ಇಂಜಿನಿಯರು ಅವಳನ್ನೂ ಕರೆದಿದ್ದರು. ಒಡ್ಡಿನ ಮೇಲೆ ಹುಲ್ಲು ಆಳೆತ್ತರ ಬೆಳೆದಿತ್ತು. ಹಳೆಯ ಮುಚ್ಚಳದ ಮೇಲೆ ಬಿಳಿ ನಂಬರು ಅರ್ಧ ಉದುರಿತ್ತು. ಕೆಳಗೆ ಟೈಲರಮ್ಮನ ಹಿತ್ತಲು, ಒಣಹಾಕಿದ ಮಕ್ಕಳ ಬಟ್ಟೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹೊಸ ಅಳತೆಗಾರ ಟೇಪು ಬಿಟ್ಟ. ಬಿಟ್ಟ ಅನ್ನುವಷ್ಟರಲ್ಲಿ ಗುಳುಕ್ ಅಂತು.

ಒಂದು ಮೀಟರ್ ಹತ್ತು.

ಇಂಜಿನಿಯರು ಎರಡನೇ ಸಲ ಅಳೆಸಿದರು. ಆಮೇಲೆ ಟೇಪನ್ನು ತಾವೇ ಒರೆಸಿ ಸುತ್ತಿದರು. ಯಾರಿಗೋ ಫೋನು ಮಾಡಿ, ಕೆಳಗಿನ ಎರಡು ಬೀದಿಯವರನ್ನು ಈ ವಾರವೇ ಬೇರೆಡೆಗೆ ಕಳಿಸಬೇಕು ಅಂದರು. ಬ್ಯಾಟರಿ ಕಟ್ಟಡ ಮೂಡಣ ಕಡೆಗೆ ಹೋಯಿತು. ಟೈಲರಮ್ಮ ಹೊಲಿಗೆ ಯಂತ್ರ ಹೊತ್ತುಕೊಂಡು ಶಾಲೆಯ ಕೋಣೆಯೊಂದಕ್ಕೆ ಹೋದಳು. ಹೋಗುವಾಗ ಇವಳಿಗೆ ಥ್ಯಾಂಕ್ಸ್ ಅನ್ನಲಿಲ್ಲ. "ಅಷ್ಟು ವರ್ಷ ಬೇಕಾಯ್ತಾ ಅಕ್ಕ?" ಅಂದಳು ಅಷ್ಟೇ.

ಮಂಡಳಿಯ ವರದಿ ಬಂತು. ಅದರ ನಲವತ್ತೊಂದನೇ ಪುಟದಲ್ಲಿ ಒಂದು ವಾಕ್ಯ: 'ಕೊಳವೆ ಹನ್ನೊಂದರ ಅಂಕಿಗಳನ್ನು ಅಂದಿನ ಅಳತೆಗಾರರು ಸುಳ್ಳಾಗಿ ನಮೂದಿಸಿದ್ದು ಅವರ ಮಗಳ ಹೇಳಿಕೆಯಿಂದ ತಿಳಿದುಬಂದಿದೆ.' ಉಳಿದ ಹನ್ನೊಂದು ಕೊಳವೆಯನ್ನು ಅದೇ ಮನುಷ್ಯ ಮಳೆ ಬಿಸಿಲು ಅನ್ನದೆ, ಒಂದು ವಾರ ತಪ್ಪಿಸದೆ, ಸರಿಯಾಗಿ ಅಳೆದಿದ್ದರು ಅಂತ ಒಂದು ಸಾಲು ಸೇರಿಸಬಹುದಾ ಅಂತ ಸಂಯೋಜಕರಿಗೆ ಬರೆದಳು. 'ಅದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ' ಅಂತ ಉತ್ತರ ಬಂತು. ಆ ಹನ್ನೊಂದು ಗೆರೆಯನ್ನೂ ಈಗ ಯಾರೂ ನಂಬುತ್ತಿರಲಿಲ್ಲ, ಎಲ್ಲ ಕಡೆ ಹೊಸದಾಗಿ ಕೊರೆಯುತ್ತಿದ್ದರು.

ಅಮ್ಮ ಆ ವಾಕ್ಯವನ್ನು ಓದಿಸಿ ಕೇಳಿದರು. ಇನ್ನೊಂದು ಸಲ ಓದು ಅಂದರು. ಓದಿದಳು.

"ಅವರ ಹೆಸರು ಹಾಕಿಲ್ವಾ?"

"ಇಲ್ಲ ಅಮ್ಮ."

"ಸರಿ" ಅಂದರು ಅಮ್ಮ. ಎದ್ದು ಹೋಗಿ ಮೊಮ್ಮಗಳ ತಲೆ ಬಾಚಲು ಕೂತರು.

ಯಾರಿಗೂ ಹೇಳುವುದಿಲ್ಲ ಎಂದು ಅಪ್ಪನಿಗೆ ಕೊಟ್ಟಿದ್ದ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.